ಎತ್ತಲೇನು

ಜೀನ್ಸ್ ಹೊಲಿಯುವಾಗ ನನ್ನ ಅಂಗೈ ನೀಲಿ.
ಈಗ ಗಾಲಿ ಒರೆಸಿ ಒರೆಸಿ ಕೆಂಪು.
ಅದಿರಿನ ಲಾರಿ ಹೋದ ದಾರಿಯಲ್ಲೇ
ಮಾಬುನ್ನಿ ಮೇಡಮ್ಮನವರ ಕುರ್ಚಿಯೂ ಹೋಗಬೇಕು.

ಮೊದಲ ದಿನ ಕೇಳದೆ ಎತ್ತಿಬಿಟ್ಟಿದ್ದೆ.
"ಹುಲಿಗೆಮ್ಮಾ, ಜೋಳದ ಚೀಲೇನು ನಾನು?
ಎತ್ತಲೇನು ಅನ್ನು. ಹೂಂ ಅಂದಮ್ಯಾಲೆ ಎತ್ತು."
ಕಲಿಸಿದ್ದು ಅಷ್ಟೇ. ಉಳಿದದ್ದು ನನ್ನ ಬೆನ್ನು ಕಲಿಯಿತು.

ಕೌಲ್ ಬಜಾರಿನ ಅಂಗಡಿಯವ ನನ್ನನ್ನೇ ಕೇಳುತ್ತಾನೆ:
"ಅವರಿಗೆ ಯಾವ ಬಣ್ಣ ಬೇಕಂತ್ರಿ?"
ನಾನು ಫ್ಯಾನು ನೋಡುತ್ತ ನಿಲ್ಲುತ್ತೇನೆ.
ಕರೆಂಟಿಲ್ಲ. ಮೂರು ರೆಕ್ಕೆ, ಒಂದರ ತುದಿಗೆ ಜೇಡ.
ಕೊನೆಗೆ ಅವನ ಕಣ್ಣು ಕೆಳಗಿಳಿಯುತ್ತದೆ.
"ಗಿಳಿಹಸಿರು" ಅನ್ನುತ್ತಾರೆ ಅವರು.
ನನಗೆ ಸೇರದ ಬಣ್ಣ.
ಮಡಿಚಿ ಚೀಲಕ್ಕೆ ಹಾಕುತ್ತೇನೆ, ತುಟಿ ಬಿಚ್ಚುವುದಿಲ್ಲ.

ಬೆವರಿಗೆ ಇಬ್ಬರ ಮೂಗೂ ಒಟ್ಟಿಗೆ ತುರಿಸಿದರೆ
ಮೊದಲು ಅವರದು.
"ಸಂಬಳ ಅದಕ್ಕ ಅಲ್ಲೇನು" ಎಂದು ನಗುತ್ತಾರೆ.
ನಗುವಾಗ ತಲೆ ಒಂದು ಕಡೆ ವಾಲುತ್ತದೆ.
ಹಿಡಿಯುವುದಿಲ್ಲ, ಅವರು ಹೇಳುವತನಕ.

ನಿನ್ನೆ ರಾತ್ರಿ ಮನೆಯಲ್ಲಿ
ತೂಕಡಿಸುವ ಮಗಳ ಮುಂದೆ ಬಗ್ಗಿ
"ಎತ್ತಲೇನು?" ಅಂದೆ.
ಗಂಡ ನಕ್ಕ.
ಅವಳು ನಗಲಿಲ್ಲ, ಯೋಚಿಸಿದಳು.
"ಬ್ಯಾಡ" ಅಂದಳು.
ಗೋಡೆ ಹಿಡಿದು ತಾನೇ ಹಾಸಿಗೆಗೆ ನಡೆದಳು,
ಬಲು ನಿಧಾನಕ್ಕೆ.