ಖಜಾಂಚಿಯ ವರದಿ

ನಾವು ಕಾಲೇಜಿನ ತಂಡವಲ್ಲ, ಕಾಲೇಜಿನ ಕ್ಲಬ್ಬಿನ ತಂಡ.
ವ್ಯತ್ಯಾಸ ಕೇಳಿದರೆ,
ಅವರಿಗೆ ಬಸ್ಸಿದೆ, ವೈದ್ಯರಿದ್ದಾರೆ, ಯಾರೋ ಒಗೆದು ಮಡಿಸಿದ ಕಾಲುಚೀಲವಿದೆ.
ನಮಗೆ ನಾನಿದ್ದೇನೆ:
ಸಿಗ್ನೆ ಆಸ್ಟ್‌ಗಾರ್ಡ್, ಮಣ್ಣುವಿಜ್ಞಾನ, ಮೂರನೆಯ ವರ್ಷ,
ಬೆಂಚಿನ ಎಡತುದಿ.

ಹನಿಗೂಡಿದರೆ ಹಳ್ಳ, ನಿಜ.
ನಮ್ಮ ಹಳ್ಳ ಕೂಡಿದ್ದು
ಊರವರ ಕಾರು ತೊಳೆದ ಕೊಳೆನೀರಿನಲ್ಲಿ,
ಸೆಪ್ಟೆಂಬರಿನ ನಾಲ್ಕು ಶನಿವಾರ, ಗಾಡಿಗೆ ಏಳು ಡಾಲರ್.
ಟ್ರಕ್ಕಿನ ಮುದುಕನೊಬ್ಬ ಕಿಟಕಿ ಇಳಿಸಿ ಕೇಳಿದ:
‘ಸಾಕರ್ರೇ? ಅದಕ್ಕೂ ರಾಷ್ಟ್ರಮಟ್ಟ ಅಂತ ಇದೆಯೇ?’
ಇಪ್ಪತ್ತರ ನೋಟು ಕೊಟ್ಟ.
ಚಿಲ್ಲರೆಗೆ ಕೈ ಚಾಚಿದ.

ಮೊಂಟಾನಾ ಬಿಡುವಾಗ ವ್ಯಾನಿನ ಗಾಜಿನ ಮೇಲಿನ ಐಸನ್ನು
ಗೋಲಿ ಮ್ಯಾರಿಟ್ ಲೈಬ್ರರಿ ಕಾರ್ಡಿನಿಂದ ಕೆರೆದಳು.
ಎರಡು ವ್ಯಾನು, ಹದಿನೆಂಟು ಜನ, ಮೂವತ್ತೊಂದು ಗಂಟೆ.
ಮಿಸೌರಿಯಲ್ಲಿ ಜಾಕೆಟ್ಟು ಕಳಚಿದೆವು,
ಮಿಸಿಸಿಪ್ಪಿಯಲ್ಲಿ ಕಿಟಕಿ ತೆರೆದೆವು,
ನಡುವೆ ಎಲ್ಲೋ ಒಂದು ಪೆಟ್ರೋಲ್ ಬಂಕಿನ ದೀಪದ ಕೆಳಗೆ
ತೆರಿಲಿನ್ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು
ಕೆಮಿಸ್ಟ್ರಿ ಪರೀಕ್ಷೆ ಬರೆದಳು.
ನಾವೆಲ್ಲ ಹೊರಗೆ ನಿಂತು
ಅವಳಿಗೆ ಮೌನ ಕಾದೆವು.

ಅಲಬಾಮಾ. ಕಡಲು ಕಾಣುವುದಿಲ್ಲ, ನಾಲಿಗೆಗೆ ತಾಗುತ್ತದೆ.
ನವೆಂಬರಿನಲ್ಲೂ ಹಸಿರಾಗಿರುವ ಹತ್ತು ಮೈದಾನ,
ದೇಶದ ಮೂಲೆಮೂಲೆಯಿಂದ ಬಂದ ವ್ಯಾನುಗಳು,
ಬೇಲಿಯ ಮೇಲೆ ಒಣಗುವ ಟವೆಲ್ಲುಗಳು.
ಮೊದಲ ಪಂದ್ಯ ಸೊನ್ನೆ ಸೊನ್ನೆ.
ಟೆಕ್ಸಸ್‌ನ ಹುಡುಗಿಯರು, ಜೊತೆಗೊಂದು ಡೋಲು;
ಡೋಲೇ ಅವರ ಹನ್ನೆರಡನೆಯವಳು.

ಎರಡನೆಯದು.
ಒಂದು ಮೂರರಲ್ಲಿ ಸೋಲುತ್ತಿದ್ದೆವು, ಇನ್ನು ಹನ್ನೊಂದು ನಿಮಿಷ.
ಕೋಚ್ ಎಂಬ ಪ್ರಾಣಿ ನಮಗಿಲ್ಲ, ನಾಯಕಿ ಲೂ ಅರಿಯಾಗಾ
ಮೊಣಕಾಲು ಹಿಡಿದು ಏದುಸಿರಿನಲ್ಲೇ ಅಂದಳು:
‘ದುಡ್ಡು ಎಲ್ಲರೂ ಸಮ ಹಾಕಿದ್ದೇವೆ.
ಹುಲ್ಲೂ ಸಮ ಸಿಗಬೇಕು. ಸಿಗ್ನೆ, ಎದ್ದೇಳು.’

ಎದ್ದೆ. ಓಡಿದೆ. ಎರಡು ಪಾಸು ಸರಿಯಾಗಿಯೇ ಕೊಟ್ಟೆ
(ಇದು ವರದಿಯಲ್ಲಿ ಇರಲಿ).
ಮೂರನೆಯದಕ್ಕೆ ತಿರುಗುವಾಗ
ಹೆಂಟೆ ಕಿತ್ತು ಕಾಲು ಜಾರಿತು,
ನಾನು ಏಳುವಷ್ಟರಲ್ಲಿ
ಮ್ಯಾರಿಟ್ ಬಲೆಯೊಳಗಿಂದ ಚೆಂಡು ಹೆಕ್ಕುತ್ತಿದ್ದಳು.

ಮೂರನೆಯ ಪಂದ್ಯ ಗೆದ್ದೆವು, ಎರಡು ಸೊನ್ನೆ.
ಅಂಕ ಟೆಕ್ಸಸ್‌ಗೂ ನಮಗೂ ನಾಲ್ಕು ನಾಲ್ಕು.
ಗೋಲಿನ ಅಂತರ ಅವರದು ಸೊನ್ನೆ,
ನಮ್ಮದು ಸೊನ್ನೆಗಿಂತ ಒಂದು ಕಮ್ಮಿ.
ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿದವಳು ನಾನೇ.
ಯಾರೂ ಏನೂ ಅನ್ನಲಿಲ್ಲ.
ಅಂದಿದ್ದರೆ ಎಲ್ಲಾದರೂ ಬರೆದುಕೊಳ್ಳಬಹುದಿತ್ತು.

ಮೋಟೆಲಿನ ಬಾಡಿಗೆ ಭಾನುವಾರದವರೆಗೆ ಕಟ್ಟಿಯಾಗಿತ್ತು,
ವಾಪಸು ಕೊಡುವುದಿಲ್ಲ ಅಂದರು.
ಹಾಗಾಗಿ ಉಳಿದೆವು, ಬೇರೆಯವರ ಸೆಮಿಫೈನಲ್ಲಿಗೆ
ಗಂಟಲು ಹರಿಯುವ ಹಾಗೆ ಕೂಗಿದೆವು.

ಸಂಜೆ, ಗೆರೆ ಬಳಿಯುವ ಹೋರೇಸ್ ಪೆಟಿಬೋನ್
ಬಕೆಟ್ಟಿನಲ್ಲಿ ಮರಳು ಹೊತ್ತು ಬಂದ.
ನಾನೂ ಕೂತೆ ಅವನ ಜೊತೆ.
ಮೇಲೆ ಹುಲ್ಲು, ಅದರ ಕೆಳಗೆ ಗೇಣು ಮರಳು,
ಅದರಡಿಗೆ ಕೆಂಪು ಜೇಡಿ, ನನ್ನ ಪುಸ್ತಕದಲ್ಲಿ ಇದ್ದಂತೆಯೇ.
ನಾನು ಜಾರಿದ ಕುಳಿ ಹುಡುಕಿದೆ.
ನೂರಾರು ಇದ್ದವು, ಎಲ್ಲವೂ ಒಂದೇ ಆಕಾರ.
‘ನಿನ್ನದು ಯಾವುದಾದರೇನು ಮಗಳೇ,
ಮರಳು ಎಲ್ಲದಕ್ಕೂ ಒಂದೇ ಹಿಡಿ’ ಅಂದ.
ಕತ್ತಲಾಗುವವರೆಗೆ ತುಂಬಿದೆವು.

ಖರ್ಚಿನ ಕೊನೆಯ ಸಾಲು:
ಶೂಗಳಿಂದ ಉದುರಿದ ಮರಳು ಗುಡಿಸಿದ್ದಕ್ಕೆ
ವ್ಯಾನು ಕಂಪನಿ ಹಾಕಿದ ದಂಡ, ಎಪ್ಪತ್ತೈದು ಡಾಲರ್.
ನಾನೊಬ್ಬಳೇ ಕಟ್ಟುತ್ತೇನೆ ಅಂದೆ.
ಲೂ ನನ್ನ ಕೈಯಿಂದ ಪೆನ್ನು ಕಿತ್ತು
ಹದಿನೆಂಟರಿಂದ ಭಾಗಿಸಿದಳು.
ತಲೆಗೆ ನಾಲ್ಕು ಡಾಲರ್ ಹದಿನೇಳು ಸೆಂಟು.

ಆರು ಸೆಂಟು ಉಳಿದಿದೆ.
ಮುಂದಿನ ವರ್ಷದ ಪುಟಕ್ಕೆ ಒಯ್ದಿದ್ದೇನೆ.