ಸನ್ನೆಕೋಲು

ಚೀಲವನ್ನು ನನ್ನ ಗಾಜಿನ ಮೇಜಿನ ಮೇಲೆ ಬೋರಲು ಹಾಕಿದರು.
ಐದು ರಿಮೋಟು. ಒಂದಕ್ಕೆ ಬೆನ್ನಿನ ಮುಚ್ಚಳವಿಲ್ಲ,
ಸೆಲ್ಲು ಉದುರದಂತೆ ಗಾಯದ ಪಟ್ಟಿ ಸುತ್ತಿದೆ.
"ಈ ಐದಕ್ಕೂ ಸೇರಿ ಒಂದು ಕೊಡು" ಎಂದರು ಎಲಿಯೋದೋರೊ,
ಚಿಲ್ಲರೆ ಸುರಿದು ನೋಟು ಕೇಳುವವರ ಹಾಗೆ.

ವಾಲ್ಪರೈಸೊದ ಗುಡ್ಡಕ್ಕೆ ಜನರನ್ನು ಹತ್ತಿಸಿ ಇಳಿಸುವ
ಹಳಿಯ ಮೇಲಿನ ಮರದ ಡಬ್ಬಿಯನ್ನು
ಮೂವತ್ತೊಂದು ವರ್ಷ ನಡೆಸಿದವರು.
ಅಲ್ಲಿದ್ದದ್ದು ಒಂದೇ ಸನ್ನೆಕೋಲು.
ದೂಡಿದರೆ ಹೊರಡುತ್ತಿತ್ತು, ಎಳೆದರೆ ನಿಲ್ಲುತ್ತಿತ್ತು.
ಈಗ ಸ್ವಂತ ಕೋಣೆಯಲ್ಲಿ ಒಂದು ಸಿನಿಮಾ ಹೊರಡಿಸಲು
ಪರದೆಗೊಂದು, ಸದ್ದಿಗೊಂದು, ತಟ್ಟೆಗೊಂದು, ಟೀವಿಗೊಂದು:
ನಾಲ್ಕು ಕಚೇರಿಗಳಲ್ಲಿ ಮೊಹರು ಬೀಳಬೇಕು.
"ಅಷ್ಟರಲ್ಲಿ ಇವಳಿಗೆ ನಿದ್ದೆ."

ಇವಳು, ಓರ್ಫೆಲಿನಾ, ಬಾಗಿಲ ಬಳಿ
ಬ್ರೆಡ್ಡಿನ ಪೊಟ್ಟಣ ಎದೆಗವಚಿಕೊಂಡು
ಬೆಲೆಯ ಚೀಟಿಗಳನ್ನು ಮಾತ್ರ ಓದುತ್ತಿದ್ದರು.

ಮೊದಲು ದುಬಾರಿಯದನ್ನೇ ತೆಗೆದೆ, ವ್ಯಾಪಾರ ನೋಡಿ.
ಪೂರಾ ಗಾಜು, ಒಳಗೆ ಬಣ್ಣಬಣ್ಣದ ಚಿತ್ರ.
ಹೆಬ್ಬೆರಳಿಟ್ಟು ಸುಮ್ಮನೆ ನಿಂತರು.
"ಇದು ತಿರುಗಿ ಒತ್ತುವುದಿಲ್ಲವಲ್ಲ.
ನಾನು ಒತ್ತಿದ್ದು ನನಗೆ ಹೇಗೆ ತಿಳಿಯಬೇಕು?"
"ಒತ್ತಿದಾಗ ನಡುಗುತ್ತದೆ" ಎಂದೆ.
"ನಡುಗುವುದಕ್ಕೆ ನಾನಿದ್ದೇನೆ."

ಎರಡನೆಯದು ಅಗ್ಗ, ನಾಲ್ಕೇ ಯಂತ್ರಕ್ಕೆ ಸಾಕಾಗುವಂಥದ್ದು.
ಪಟ್ಟಿ ಸುತ್ತಿದ್ದನ್ನು ಎತ್ತಿ ಕೇಳಿದೆ, ಇದು ಯಾವುದರದ್ದು?
ಕ್ಯಾಸೆಟ್ಟಿನ ಪೆಟ್ಟಿಗೆಯದು.
ಪೆಟ್ಟಿಗೆ ಎಲ್ಲಿದೆ?
"ಭೂಮಿ ನಡುಗಿದ ರಾತ್ರಿ ಕಪಾಟಿನಿಂದ ಬಿತ್ತು."
ಮತ್ತೆ ಇದು ಯಾಕೆ?
"ಇದು ಬೀಳಲಿಲ್ಲವಲ್ಲ."

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುತ್ತಾರೆ.
ನನ್ನ ಮುತ್ತು ಕೆಳಗಿನ ಖಾನೆಯಲ್ಲಿತ್ತು:
ಕಪ್ಪು, ಉದ್ದ, ರಬ್ಬರಿನ ಉಬ್ಬು ಗುಂಡಿಗಳು,
ಕತ್ತಲಲ್ಲೂ ಬೆರಳು ದಾರಿ ತಪ್ಪುವುದಿಲ್ಲ.
ಹಳೆಯದನ್ನು ಎದುರಿಗೆ, ಮೂಗಿಗೆ ಮೂಗು ಇಟ್ಟು ಒತ್ತಿದರೆ
ಕಿವಿಯಲ್ಲಿ ಮಂತ್ರ ಕೇಳಿದಂತೆ ಕಲಿತುಬಿಡುತ್ತದೆ.
ಕಲಿತದ್ದಕ್ಕೆ ಒಂದು ಹಸಿರು ಮಿಣುಕು, ಅಷ್ಟೇ ದಕ್ಷಿಣೆ.

ಸದ್ದಿನ ರಿಮೋಟನ್ನು ಕೈಗೆತ್ತಿಕೊಂಡಾಗ ಕಂಡದ್ದು:
ಏರಿಸುವ ಗುಂಡಿಯ ಗುರುತು ಪೂರ್ತಿ ಅಳಿಸಿದೆ,
ಇಳಿಸುವುದರದ್ದೂ.
ಉಳಿದ ಮೂವತ್ತು ಗುಂಡಿ ಅಂಗಡಿಯಿಂದ ಬಂದ ಹಾಗೇ ಇವೆ.

"ಏರಿಸುವುದನ್ನು ಒತ್ತಿ ಹಿಡಿಯಿರಿ" ಎಂದೆ.
ಒತ್ತಿದರು. ಹಸಿರು.
"ಈಗ ಇಳಿಸುವುದು."
ಎಲಿಯೋದೋರೊ ಬೆರಳು ಹಿಂದೆಗೆದುಕೊಂಡರು,
ಬೇರೆಯವರ ತಟ್ಟೆಗೆ ಕೈ ಹಾಕಿದವರಂತೆ.
"ಅದು ನನ್ನದಲ್ಲ."
ಓರ್ಫೆಲಿನಾ ಬಂದರು, ಬ್ರೆಡ್ಡನ್ನು ಗಾಜಿನ ಮೇಲಿಟ್ಟರು,
ಕೆಳಗೆ ನೋಡದೆ, ನನ್ನ ಮುಖವನ್ನೇ ನೋಡುತ್ತಾ ಒತ್ತಿದರು,
ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು.

ಒಂದು ಖಾನೆ ಖಾಲಿ ಉಳಿಯಿತು.
ಕೇಳದಿದ್ದರೂ ಪಟ್ಟಿ ಸುತ್ತಿದ್ದನ್ನೂ ಎದುರಿಗಿಟ್ಟೆ.
ಇಲ್ಲದ ಪೆಟ್ಟಿಗೆಗೆ 'ಹಾಡು' ಎನ್ನುವ ಸನ್ನೆ,
ಅದನ್ನೂ ಕಲಿಯಿತು. ಅದಕ್ಕೇನು ಗೊತ್ತು.

ಚೌಕಾಸಿ ಓರ್ಫೆಲಿನಾ ಅವರ ಇಲಾಖೆ.
ಸೆಲ್ಲು ಪುಕ್ಕಟೆ ಕೊಡಬೇಕಾಯಿತು.
ಹಳೆಯ ಐದನ್ನೂ ಅವರು ಚೀಲಕ್ಕೆ ತುಂಬುತ್ತಿದ್ದಾಗ
ಇಲ್ಲೇ ಬಿಡಿ, ನಾನೇ ಎಸೆಯುತ್ತೇನೆ ಎಂದೆ.
"ಹೊಸದು ಮರೆತರೆ ಯಾರನ್ನು ಕೇಳುವುದು?"

ಹೊರಗೆ ಮೆಟ್ಟಿಲ ಮೇಲೆ ನಿಂತು
ಹೆಂಡತಿ ಛತ್ರಿ ಹುಡುಕುವಷ್ಟರಲ್ಲಿ
ಆತ ಹೊಸದನ್ನು ಗುಡ್ಡದ ಕಡೆ ಹಿಡಿದು
ಗುಂಡಿ ಒತ್ತಿದ್ದು ಗಾಜಿನಾಚೆ ಕಂಡಿತು.
ಹಳಿಯ ಮೇಲಿನ ಹಳದಿ ಡಬ್ಬಿ ಹೊರಟಿತು.

ಅದರ ಹೊತ್ತಾಗಿತ್ತು, ಅಷ್ಟೆ.
ಗೋಡೆಯ ಗಡಿಯಾರ ನೋಡಿಕೊಂಡೆ: ಆರೂಕಾಲು.
ಆತ ಮಾತ್ರ ರಿಮೋಟಿನ ಕಡೆ ಒಮ್ಮೆ, ಗುಡ್ಡದ ಕಡೆ ಒಮ್ಮೆ ನೋಡಿ,
ಯಾರೂ ನೋಡಲಿಲ್ಲವೆಂಬಂತೆ
ಅದನ್ನು ಕೋಟಿನ ಒಳಜೇಬಿಗೆ ಇಳಿಸಿದರು.