ಸಾಣೆಯವನು

ನಸುಕಿನ ಐದಕ್ಕೆ ಹನ್ನೊಂದು ಚಾಕು ಎಣಿಸಿ ಕೊಡುತ್ತೇನೆ.
ನಸುಕು ಎನ್ನುವುದು ಬರಿಯ ಮಾತು,
ನವೆಂಬರಿನಲ್ಲಿ ಮುಳುಗಿದ ಸೂರ್ಯ
ಬೋಟ್ಸ್‌ಫ್ಯೋರ್‌ಗೆ ಮರಳುವುದು ಜನವರಿ ಕಳೆಯುತ್ತ ಬಂದಾಗ.
ಸಂಜೆ ಅವು ನನ್ನ ಕೈಗೆ ವಾಪಸು.
ಹಿಡಿಗೆ ಸುತ್ತಿದ ಬಣ್ಣದಿಂದ ಯಾರದೆಂದು ಗೊತ್ತು,
ಅಲಗಿನಿಂದ, ಅವರ ದಿನ ಹೇಗಿತ್ತೆಂದು.

ಹನ್ನೊಂದು ಜನ, ಆರು ಭಾಷೆ,
ಎಲ್ಲರ ಕಿವಿಗೂ ಹಳದಿ ಮುಚ್ಚಳ.
ಯಂತ್ರದ ಸದ್ದಿಗೆ ಮಾತು ಸತ್ತ ಜಾಗ.
ಅಲ್ಲಿ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಲುಪುವುದು
ಭುಜದಿಂದ, ಮೊಣಕೈಯಿಂದ,
ಕಾಡ್ ಮೀನನ್ನು ಪಕ್ಕದವರತ್ತ ತಳ್ಳುವ ಬಗೆಯಿಂದ.

ಯೂರಾತೆಗೆ ಸಿಟ್ಟು ಬಂದರೆ ತುದಿ ಸವೆಯುತ್ತದೆ,
ಮುಳ್ಳಿಗೆ ಬೇಕೆಂದೇ ತಾಗಿಸುತ್ತಾಳೆ.
ಅಸ್ಮರಾದಿಂದ ಫೋನು ಬಾರದ ವಾರ
ತೆಸ್ಫಲೆಮ್‌ನ ಚಾಕು ಹೋದ ಹಾಗೇ ಹರಿತವಾಗಿ ಮರಳುತ್ತದೆ,
ಮೀನಿನ ಮೇಲೆ ಒರಗಿಸಿ ಎಲ್ಲೋ ನೋಡುತ್ತಿದ್ದನೆಂದು ಲೆಕ್ಕ.
ಜಾಫ್ನಾದ ಯೋಗೇಶ್ವರಿಯದು ಇಪ್ಪತ್ತಾರು ವರ್ಷದಿಂದ ಒಂದೇ ಸವೆತ,
ಹೊಸ್ತಿಲು ಸವೆದ ಹಾಗೆ, ಗಡಿಬಿಡಿಯಿಲ್ಲದೆ.

ಕಚೇರಿಯವರು ಬಾಗಿಲ ಪಕ್ಕ ಪೆಟ್ಟಿಗೆಯೊಂದನ್ನು ನಿಲ್ಲಿಸಿದ್ದಾರೆ.
ಮೂರು ಗುಂಡಿ: ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ.
ಮನೆಗೆ ಹೋಗುವಾಗ ಒಂದನ್ನು ಒತ್ತಬೇಕು.
ಒದ್ದೆ ಗವಸಿನಲ್ಲಿ ಎಲ್ಲರೂ ಹತ್ತಿರದ್ದನ್ನೇ ಒತ್ತುತ್ತಾರೆ.
ಹತ್ತಿರ ಇರುವುದು ನಗುವ ಮುಖ.

ಡಿಸೆಂಬರಿನ ಒಂದು ವಾರ
ಹನ್ನೊಂದೂ ಒಂದೇ ಕಡೆ ಮೊಂಡಾಗಿ ಬಂದವು.
ಜಗಳವಾಗಿರಲಿಲ್ಲ. ಯಾರನ್ನು ಕೇಳಿದರೂ ಏನಿಲ್ಲ, ಏನಿಲ್ಲ.
ಹೊಸ ಮೇಸ್ತ್ರಿ ಸ್ಟೈನಾರ್ ಬೈಯುವವನಲ್ಲ,
ಗಡಿಯಾರ ನೋಡಿ ಮೂಗಿನಿಂದ ಉಸಿರು ಬಿಡುತ್ತಾನೆ, ಅಷ್ಟೇ.
ಆ ಉಸಿರು ಮೊದಲು ಬಿದ್ದದ್ದು ಯೂರಾತೆಯ ಬೆನ್ನಿಗೆ.
ಅವಳು ಮೀನನ್ನು ತಳ್ಳದೆ ಎಸೆಯತೊಡಗಿದಳು.
ಎಸೆತ ಕಂಡ ತೆಸ್ಫಲೆಮ್, ಪ್ರತಿ ಮೀನಿಗೂ ಮುಂಚೆ
ಹಿಡಿಯಿಂದ ಮೇಜಿಗೆ ಎರಡು ಸಲ ತಟ್ಟುವವನು,
ತಟ್ಟುವುದನ್ನು ಬಿಟ್ಟ.
ಆ ತಟ್ಟು ಯಾರ ಕಿವಿಗೂ ಬಿದ್ದದ್ದಿಲ್ಲ,
ಮೇಜಿನ ತಗಡಿನಲ್ಲಿ ಹರಿದು
ಎಲ್ಲರ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು.
ಗುರುವಾರ ಯೋಗೇಶ್ವರಿ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ,
ಬೆರಳು ಕೊಯ್ದುಕೊಂಡಳು.

ಬೆಲ್ಟು ನಿಂತಿತು. ಕಿವಿಯ ಮುಚ್ಚಳ ಇಳಿದವು.
ಬಿಳಿ ಮಾಂಸದ ಮೇಲೆ ಕೆಂಪು.
ಔಷಧಿ ಡಬ್ಬಿ ತಂದ ಸ್ಟೈನಾರ್‌ನ ಕೈ ನಡುಗಿ
ಬ್ಯಾಂಡೇಜಿನ ತುದಿಯೇ ಸಿಗಲೊಲ್ಲದು;
ಸಿಕ್ಕ ಮೇಲೆ ಸುತ್ತಿ, ಸುತ್ತಿ,
ಅವಳ ಬೆರಳಿಗೆ ತನ್ನ ಹೆಬ್ಬೆರಳನ್ನೂ ಸೇರಿಸಿ ಕಟ್ಟಿಬಿಟ್ಟ.
ಅವಳು ತಮಿಳಿನಲ್ಲಿ ಏನೋ ಅಂದಳು.
ಯಾರಿಗೂ ತಿಳಿಯಲಿಲ್ಲ, ಎಲ್ಲರೂ ನಕ್ಕರು,
ಕೊನೆಗೆ, ಕಿವಿ ಕೆಂಪಗಾಗಿ, ಅವನೂ.
ಶುಕ್ರವಾರ ತಟ್ಟು ಮರಳಿತು.

ಏನಂದೆ ಅಂತ ತಿಂಗಳ ಮೇಲೆ ಕೇಳಿದೆ.
ನೋಯುತ್ತಿದೆ ಅಂದೆ, ಎಂದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವೀತೆನಿಸ್ ಇದ್ದ,
ಸಾಲಿನ ಕೊನೆಯವನು, ಗೊಣಗುವವನು,
ಬೆಳಗಿನ ನಮಸ್ಕಾರಕ್ಕೆ ಗದ್ದವನ್ನೂ ಎತ್ತದವನು.
ಅಂದು ನಗದೆ ಉಳಿದವನೂ ಅವನೊಬ್ಬನೇ.
ಫೆಬ್ರವರಿಯಲ್ಲಿ ಹೇಳದೆ ಕೇಳದೆ ಬೇರೆ ಬಂದರಿಗೆ ಹೋದ.
ಅವನು ಹೋದ ವಾರ ಹತ್ತು ಚಾಕೂ ಹೂವಿನಂತೆ ಬಂದವು.
ಕಾಫಿ ಕೋಣೆಯಲ್ಲಿ ನಗು ಹೆಚ್ಚಿತು,
ನಗುತ್ತಲೇ ಒಬ್ಬರ ಕಣ್ಣು ಒಬ್ಬರು ತಪ್ಪಿಸಿದೆವು.

ಕಂದು ಪಟ್ಟಿಯ ಅವನ ಚಾಕು ನನ್ನಲ್ಲೇ ಉಳಿದಿತ್ತು.
ಕಲ್ಲಿಗೆ ಹಿಡಿಯುವ ಮುಂಚೆ ದೀಪಕ್ಕೆ ಹಿಡಿದೆ.
ಸಿಟ್ಟಿನ ಸವೆತವಲ್ಲ.
ಉದ್ದಕ್ಕೂ ಸಣ್ಣ ಸಣ್ಣ ಕಚ್ಚು,
ಮೇಲಿನ ಹತ್ತು ಜನ ಬಿಟ್ಟ ಮುಳ್ಳುಗಳು.

ಅಂದು ಹೋಗುವಾಗ ಪೆಟ್ಟಿಗೆಯ ಮುಂದೆ
ಗವಸು ಬಿಚ್ಚಿ ನಿಂತೆ.
ನನ್ನ ಹಿಂದೆ ಸಾಲು ಬೆಳೆಯಿತು.
ಯಾರೂ ಆತುರ ಮಾಡಲಿಲ್ಲ.